ಶುಕ್ರವಾರಕ್ಕೆ ಎರಡು ಜಿಬಿ

ಜುಲೈ ಹದಿನಾಲ್ಕರ ಸೋಮವಾರ, ಮಧ್ಯಾಹ್ನ ಒಂದೂ ನಲವತ್ತಕ್ಕೆ, ಗಲ್ಫಿನ ಬೌಷರ್‌ನ ಒಂದು ಕಟ್ಟಡದ ಸೈಟಿನಲ್ಲಿ ಕಬ್ಬಿಣ ಕಟ್ಟುತ್ತಿದ್ದ ಸಂಕಪ್ಪ ಬಿಸಿಲಿಗೆ ಕುಸಿದು ಬಿದ್ದು ಸತ್ತ. ಅಲ್ಲಿನ ಕಾನೂನಿನಂತೆ ಬೇಸಿಗೆಯಲ್ಲಿ ಆ ಹೊತ್ತಿಗೆ ಬಯಲಲ್ಲಿ ಕೆಲಸ ಮಾಡಿಸುವಂತಿಲ್ಲ. ಅದಕ್ಕೇ, ಸಂಜೆ ಆರೂ ಕಾಲಿಗೆ ಕ್ಯಾಂಪಿನ ಕೋಣೆಯಲ್ಲಿ, ಮಲಗಿದ್ದಲ್ಲೇ ತೀರಿಕೊಂಡ ಎಂದು ಕಂಪನಿ ಬರೆದುಕೊಂಡಿತು. ಒಂದೂ ನಲವತ್ತರ ಫೋಟೋ ತೆಗೆದಿದ್ದ ಸೇಫ್ಟಿ ಆಫೀಸರನ ವೀಸಾ ಕ್ಯಾನ್ಸಲ್ ಮಾಡಿ, ಒಂಬತ್ತನೇ ದಿನ ವಿಮಾನ ಹತ್ತಿಸಿತು.

ಆ ಸೇಫ್ಟಿ ಆಫೀಸರನ ಹೆಸರು ಶ್ರೀನಿವಾಸಮೂರ್ತಿ. ಆ ಫೋಟೋ ಇರುವುದು ಅಲ್ ಮಬೇಲಾದ ಒಂದು ಫ್ಲಾಟಿನ ಹಾಲಿನಲ್ಲಿ, ಕ್ರೋಶೆ ಹೊದಿಕೆ ಹೊದ್ದು ಕೂತ ಹಳೇ ಕಂಪ್ಯೂಟರಿನ ಒಳಗೆ. ಅದು ಅಲ್ಲಿಗೆ ಬಂದದ್ದು ಹೇಗೆ ಎಂದು ಹೇಳಬೇಕಾದರೆ ಮೇ ತಿಂಗಳಿಂದ ಹೇಳಬೇಕು. ಆಗಿನ್ನೂ ಐಡಾ ನಗುತ್ತಿದ್ದಳು.

ಐಡಾಳ ಪಪ್ಪಾ ಕ್ಯಾಸ್ಮಿರ್ ಮಬೇಲಾದ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದರು. ಮೊಳೆ, ಪೈಪು, ಹೆಲ್ಮೆಟ್ಟು ಎಲ್ಲವೂ ಬೆರಳ ತುದಿಯಲ್ಲಿ. ಹಾರ್ಡ್ ಡಿಸ್ಕ್ ಒಂದು ಮಾತ್ರ ಅವರ ಪಾಲಿಗೆ ಕಗ್ಗಂಟು. ಮನೆಯ ಕಂಪ್ಯೂಟರಿನ ಸ್ವಿಚ್ ಒತ್ತಿ ಕೂತರೆ, ಒಳಗೆ ಮಮ್ಮಿ ಡೊರೊತಿ ಒಂದು ಪಾತ್ರೆ ಇಡ್ಲಿಯಂಥ ಸಾನ್ನಾಂ ಬೇಯಿಸಿ ಇಳಿಸುವ ಹೊತ್ತಿಗೆ ಅದರ ಪರದೆ ಬೆಳಗುತ್ತಿತ್ತು. ಒಂದು ಶುಕ್ರವಾರ ಇಗರ್ಜಿಯಿಂದ ಬರುವಾಗ ಪಪ್ಪಾ ಜೊತೆಗೊಬ್ಬನನ್ನು ಕರೆತಂದರು. “ನಮ್ಮ ಅಂಗಡಿಗೆ ಸೇಫ್ಟಿ ಬೆಲ್ಟ್ ಕೊಳ್ಳಲಿಕ್ಕೆ ಬರುವವರು. ಮೈಸೂರು ಕಡೆ. ಕಂಪ್ಯೂಟರ್ ನೋಡ್ತಾರಂತೆ.”

ಉದ್ದಕ್ಕೆ, ಸ್ವಲ್ಪ ಬಗ್ಗಿ ನಿಂತ ಆಳು. ಬಿಸಿಲಿಗೆ ಕಂದಿದ ಮುಖದಲ್ಲಿ ಹೆಲ್ಮೆಟ್ಟಿನ ಪಟ್ಟಿ ಕೂತಷ್ಟು ಜಾಗ ಮಾತ್ರ ತಿಳಿಯಾಗಿ, ಗಲ್ಲದಿಂದ ಕಿವಿಯವರೆಗೆ ಯಾರೋ ಚಾಕ್‌ಪೀಸಿನಲ್ಲಿ ಗೆರೆ ಎಳೆದ ಹಾಗೆ. ಐಡಾ ಮೊದಲು ನೋಡಿದ್ದು ಆ ಗೆರೆ. ನೋಡಿದ್ದನ್ನು ಅವನು ನೋಡಿಬಿಟ್ಟ.

“ಶ್ರೀನಿವಾಸಮೂರ್ತಿ” ಎಂದ.

“ಅಬ್ಬ! ಹೆಸರೇ ಇಷ್ಟು ಜಾಗ ತಿಂತದೆ. ನೀವು ನಮ್ಮ ಕಂಪ್ಯೂಟರಲ್ಲಿ ಜಾಗ ಮಾಡ್ಲಿಕ್ಕೆ ಬಂದವರಾ?”

“ಮೂರ್ತಿ ಅನ್ನಿ. ಅರ್ಧ ಉಳೀತು.”

ಐಡಾ ಖುರುಮ್‌ನ ಹಲ್ಲಿನ ಕ್ಲಿನಿಕ್ಕಿನಲ್ಲಿ ಫ್ರಂಟ್ ಡೆಸ್ಕ್‌ನಲ್ಲಿದ್ದವಳು. ದಿನವಿಡೀ ಬಾಯಿ ತೆರೆಯಲು ಹೆದರುವವರನ್ನೇ ಕಂಡ ಅವಳಿಗೆ, ಕೇಳಿದ್ದಕ್ಕೆ ತಟ್ಟನೆ ಉತ್ತರ ಕೊಡುವವನೊಬ್ಬ ಸಿಕ್ಕಿದ್ದು ಹಿತವಾಯಿತು. ಕುರ್ಚಿ ಎಳೆದು ಪಕ್ಕದಲ್ಲೇ ಕೂತಳು.

ಸಿ ಡ್ರೈವ್‌ನ ಪಟ್ಟಿ ಪೂರ್ತಿ ಕೆಂಪಾಗಿತ್ತು. ಒಳಗೆ ಹೊಕ್ಕು ನೋಡಿದರೆ ಬರೀ ‘ಊರು’. ಪ್ರತಿ ರಜೆಗೆ ಊರಿಗೆ ಹೊರಡುವ ಮುಂಚೆ, ವಿಮಾನ ಬಿದ್ದರೆ ಫೋಟೋಗಳಾದರೂ ಉಳಿಯಲಿ ಎಂದು, ಮಮ್ಮಿ ಇದ್ದದ್ದನ್ನೆಲ್ಲ ಮತ್ತೊಂದು ಸಲ ಕಾಪಿ ಮಾಡಿಸುತ್ತಿದ್ದಳು. ‘ಊರು’, ‘ಊರು ನ್ಯೂ’, ‘ಊರು ನ್ಯೂ ನ್ಯೂ’, ‘ಊರು ಲಾಸ್ಟ್’, ‘ಊರು ಲಾಸ್ಟ್ ಆದ ಮೇಲೆ’. ಮದುವೆಯ ಹಿಂದಿನ ದಿನ ಹೆಣ್ಣಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದಲ್ಲಿ, ಅಕ್ಕ ಓಲಿವಿಯಾ ಏಳು ಫೋಲ್ಡರುಗಳಲ್ಲಿ ಏಳು ಸಲ ಮುಖ ಸಿಂಡರಿಸಿಕೊಂಡು ಕೂತಿದ್ದಳು.

“ನಿಮ್ಮಕ್ಕನಿಗೆ ಏಳು ಮದುವೆ ಆಗಿದೆಯಲ್ರೀ.”

“ಭಾವ ಒಬ್ಬನೇ ಮಾರಾಯ್ರೆ. ಅವನಿಗೇ ಏಳು ಸಲ ಸಾಕಾಗಿದೆ.”

ಅವನು ನಕ್ಕು, ಪರದೆಗೆ ಬೆರಳು ತೋರಿಸಿ, “ಸರಿ. ಈಗ ‘ಊರು ಲಾಸ್ಟ್’ ತೆಗೀರಿ” ಎಂದ.

ಐಡಾ ತೆಗೆದಳು. ಒಂದು ಕ್ಲಿಕ್, ಒಂದು ಡಿಲೀಟ್. ‘ಊರು ಲಾಸ್ಟ್’ ಮಾಯ.

“ಅಯ್ಯಯ್ಯೋ! ಏನ್ರೀ ಮಾಡಿದ್ರಿ?”

“ನೀವೇ ಹೇಳಿದ್ದಲ್ವಾ ತೆಗೀರಿ ಅಂತ!”

“ತೆಗೀರಿ ಅಂದ್ರೆ ಓಪನ್ ಮಾಡಿ ಅಂತ!”

“ಹಾಗಾದರೆ ಓಪನ್ ಅನ್ಬೇಕು. ತೆಗೆಯಿರಿ ಅಂದರೆ ನಾವು ತೆಗೆಯುವುದೇ.”

“ಬಾಗಿಲು ತೆಗೀರಿ ಅಂದ್ರೆ ಬಾಗಿಲು ಕಿತ್ತು ಆಚೆಗೆ ಹಾಕ್ತೀರಾ?”

“ಹೇಳುವವರು ಹೇಳಿದ ಹಾಗೆ ಉಂಟು” ಎಂದಳು ಐಡಾ. ಆದರೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಮಮ್ಮಿಯ ಮುಖ ನೋಡಿ ಅವಳ ದನಿ ಇಂಗಿತು. ಮೂರ್ತಿ ಅವಳ ಕೈಯಿಂದ ಮೌಸ್ ತೆಗೆದುಕೊಂಡ. ತೆಗೆದುಕೊಳ್ಳುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿತು. ಇಬ್ಬರೂ ಪರದೆಯನ್ನೇ ನೋಡಿದರು. ಅವನು ರಿಸೈಕಲ್ ಬಿನ್ ತೆರೆದು ತೋರಿಸಿದ: ಅಳಿಸಿದ್ದೆಲ್ಲ ಮೊದಲು ಇಲ್ಲಿ ಬಂದು ಬೀಳುತ್ತದೆ, ಇದನ್ನು ಖಾಲಿ ಮಾಡುವವರೆಗೆ ಏನೂ ಹೋಗುವುದಿಲ್ಲ, ಜಾಗವೂ ಸಿಗುವುದಿಲ್ಲ. ‘ಊರು ಲಾಸ್ಟ್’ ವಾಪಸು ಬಂತು. ಮಮ್ಮಿ ಶಿಲುಬೆಯ ಗುರುತು ಹಾಕಿಕೊಂಡು ಒಳಗೆ ಹೋದಳು.

ಅವತ್ತಿನಿಂದ ಪ್ರತಿ ಶುಕ್ರವಾರ.

ಅವನು ಬರುವ ಹೊತ್ತಿಗೆ ಐಡಾ ಇಗರ್ಜಿಯ ಸೀರೆ ಬದಲಿಸದೆ ಇರುತ್ತಿದ್ದಳು. ಬದಲಿಸದ್ದಕ್ಕೆ ಕಾರಣ ಸೆಖೆ ಅಂತೆ. ಮಾಂಸ ಮೀನು ಮುಟ್ಟದವನಿಗೆಂದು ಮಮ್ಮಿ ತೊಂಡೆಕಾಯಿ ಸುಕ್ಕ ಮಾಡುತ್ತಾ, “ಹುಲ್ಲು ತಿಂದು ಇಷ್ಟು ಉದ್ದ ಹೇಗೆ ಬೆಳೆದೆಯಾ ಮಗಾ” ಎನ್ನುತ್ತಿದ್ದಳು. ಊಟಕ್ಕೆ ಕೂರುವಾಗ ಪಪ್ಪಾ ಕೇಳುತ್ತಿದ್ದರು: “ಇವತ್ತು ಎಷ್ಟು ಬಿಟ್ಟಿತು?”

“ಎರಡು ಜಿಬಿ ಅಂಕಲ್.”

“ಕಂಪ್ಯೂಟರ್ ಸ್ಲೋ ಅಲ್ಲ ಐಡಾ, ಈ ಹುಡುಗನೇ ಸ್ಲೋ.”

ಆ ಎರಡರಲ್ಲಿ ಒಂದೂವರೆಯನ್ನು ಮಮ್ಮಿ ವಾರವಿಡೀ ಮೊಬೈಲಿನ ವಿಡಿಯೋ ತುಂಬಿಸಿ ತಿಂದು ಮುಗಿಸುತ್ತಿದ್ದಳು. ಪಟ್ಟಿ ಕೆಂಪಾಗಿಯೇ ಇರುತ್ತಿತ್ತು. ಮುಂದಿನ ಶುಕ್ರವಾರ ಅವನು ಮತ್ತೆ ಬರುತ್ತಿದ್ದ.

ಏಳನೇ ಶುಕ್ರವಾರ ಅವನು ಕೈ ತೊಳೆಯಲು ಹೋದಾಗ ಐಡಾ ಸುಮ್ಮನೆ ರಿಸೈಕಲ್ ಬಿನ್ ಒತ್ತಿದಳು. ನಲವತ್ತಮೂರು ಜಿಬಿ. ಏಳು ಶುಕ್ರವಾರ ಇಬ್ಬರೂ ಕೂತು ಆರಿಸಿ, ನಕ್ಕು, ಜಗಳಾಡಿ ಅಳಿಸಿದ್ದೆಲ್ಲ ಹಾಗೇ ಬಿದ್ದಿತ್ತು; ವಾರವಾರ ಬಿಟ್ಟ ಆ ಎರಡು ಜಿಬಿ ಬರೀ ಟೆಂಪರರಿ ಫೈಲುಗಳ ಕಸದ್ದು. ಅಷ್ಟನ್ನು ಹಿಡಿಸಲೆಂದು ಬಿನ್ನಿನ ಮಿತಿಯನ್ನೂ ಯಾರೋ ಹೆಚ್ಚಿಸಿಟ್ಟಿದ್ದರು.

ಅವನು ಬಂದು ಹಿಂದೆ ನಿಂತದ್ದು ಅವಳಿಗೆ ಗೊತ್ತಾಯಿತು. ತಿರುಗಲಿಲ್ಲ.

“ಮೂರ್ತಿಯವರೇ, ಇದೆಂತ?”

“ಖಾಲಿ ಮಾಡೋದು… ಮರೆತೆ.”

“ಏಳು ಶುಕ್ರವಾರ?”

“ಹ್ಞೂಂ.”

“ಮಿತಿ ಹೆಚ್ಚಿಸಿದ್ದೂ ಮರೆತೇ?”

ಅವಳು ತಿರುಗಿದಳು. ಆ ಬಿಳಿ ಗೆರೆ ಒಂದನ್ನು ಬಿಟ್ಟು ಅವನ ಮುಖವೆಲ್ಲ ಕೆಂಪಾಗಿತ್ತು. “ಇದು ಹತ್ತು ನಿಮಿಷದ ಕೆಲಸ ಕಣ್ರೀ” ಎಂದ, ತನ್ನ ಒದ್ದೆ ಕೈಗಳನ್ನು ನೋಡುತ್ತಾ. “ಹತ್ತು ನಿಮಿಷದಲ್ಲಿ ಮುಗಿಸಿ ಹೋಗಿದ್ರೆ, ಮುಂದಿನ ಶುಕ್ರವಾರ ಏನು ಹೇಳಿಕೊಂಡು ಬರ್ತಿದ್ದೆ?”

ಒಳಗೆ ಕುಕ್ಕರ್ ಕೂಗಿತು. ಐಡಾ ಬಾಣದ ಗುರುತನ್ನು ‘ಖಾಲಿ ಮಾಡು’ ಎಂಬಲ್ಲಿಗೆ ಒಯ್ದಳು. ಅವನ ಉಸಿರು ನಿಂತದ್ದನ್ನು ಕೇಳಿಸಿಕೊಂಡಳು. ಮತ್ತೆ ನಿಧಾನಕ್ಕೆ ವಾಪಸು ತಂದಳು.

“ಇರಲಿ ಬಿಡಿ. ಸ್ಲೋ ಆದರೆ ಆಗಲಿ” ಎಂದಳು. ಆಮೇಲೆ ಮೆತ್ತಗೆ, “ಮನೆಯಲ್ಲಿ ನಿಮ್ಮನ್ನು ಎಂತ ಕರೆಯುವುದು?”

“ಸೀನು.”

“ಸೀನು” ಎಂದಳು ಐಡಾ, ನಾಲಿಗೆಯ ಮೇಲೆ ಇಟ್ಟು ರುಚಿ ನೋಡುವ ಹಾಗೆ.

ಅದಾದ ಮೇಲೆ ಅವರಿಗೆ ಸಿಕ್ಕಿದ್ದು ಹತ್ತು ದಿನ.

ಹನ್ನೊಂದನೆಯ ದಿನ ಮಂಗಳವಾರ ಸಂಜೆ ಅವನು ಹೇಳದೆ ಕೇಳದೆ ಬಂದ. ಶೂ ತುಂಬ ಧೂಳು. ಕೈಯಲ್ಲಿ ಸೈಟ್ ಕ್ಯಾಮೆರಾದ ಮೆಮೊರಿ ಕಾರ್ಡ್. ನೀರು ಕೊಟ್ಟರೆ ಕುಡಿಯಲಿಲ್ಲ.

“ನಿನ್ನೆ ಒಬ್ಬರು ಸತ್ರು ಐಡಾ. ಸಂಕಪ್ಪ ಅಂತ, ಸುಳ್ಯದ ಕಡೆಯವರು. ಮಧ್ಯಾಹ್ನ ಕೆಲಸ ನಿಲ್ಲಿಸಿ ಅಂತ ಹತ್ತು ದಿನದಿಂದ ಬರೆದು ಕೊಡ್ತಿದ್ದೆ. ‘ಯಲ್ಲಾ ಯಲ್ಲಾ, ಬೇಗ ಬೇಗ ಮುಗಿಸಿಬಿಡಲಿ’ ಅಂದ್ರು. ಇವತ್ತು ಕಾಗದದಲ್ಲಿ ಸಂಜೆ ಆರೂ ಕಾಲು ಅಂತ ಹಾಕಿದಾರೆ. ನನ್ನ ಲ್ಯಾಪ್‌ಟಾಪೂ ಫೋನೂ ಇಸ್ಕೊಂಡ್ರು. ಇದೊಂದು ಜೇಬಲ್ಲಿತ್ತು.”

ಕಾರ್ಡಿನಲ್ಲಿ ಎರಡು ತಿಂಗಳ ಫೋಟೋ, ವಿಡಿಯೋ. ಕೊನೆಯದು ಒಂದೂ ನಲವತ್ತರದು. ಅಂಗಾತ ಬಿದ್ದ ಒಬ್ಬ ಮನುಷ್ಯ, ಅವನ ಮುಖದ ಮೇಲೆ ತಮ್ಮ ಮೈಯ ನೆರಳು ಬೀಳಿಸಲು ಬಗ್ಗಿ ನಿಂತ ನಾಲ್ವರು. ಆ ಬಯಲಲ್ಲಿ ಅವನಿಗೆ ಸಿಕ್ಕ ನೆರಳು ಅಷ್ಟೇ. ಐಡಾ ಬಾಯಿಗೆ ಸೆರಗು ಒತ್ತಿಕೊಂಡಳು.

“ವಾಟ್ಸಾಪಲ್ಲಿ ಕಳಿಸಿದ್ರೆ ಫೋಟೋದೊಳಗಿನ ಗಂಟೆ ಹೊರಟುಹೋಗುತ್ತೆ. ಒರಿಜಿನಲ್ ಫೈಲಲ್ಲಿ ಮಾತ್ರ ಉಳಿಯೋದು. ನಾಳೆ ಈ ಕಾರ್ಡನ್ನೂ ಕೇಳ್ತಾರೆ” ಎಂದು ಅವನು ಕಾಪಿಗೆ ಹಾಕಿದ. ಜಾಗ ಸಾಲದು ಎಂದಿತು ಕಂಪ್ಯೂಟರ್. ಬೇಕಾದದ್ದು ಹತ್ತೊಂಬತ್ತು ಜಿಬಿ, ಇದ್ದದ್ದು ಐದು.

ಇಬ್ಬರಿಗೂ ಏನು ಮಾಡಬೇಕೆಂದು ಗೊತ್ತಿತ್ತು.

ಅವನು ರಿಸೈಕಲ್ ಬಿನ್ ಒತ್ತಿದ. ಶಾಶ್ವತವಾಗಿ ಅಳಿಸಲೇ ಎಂದು ಪರದೆ ಕೇಳಿತು. ಅವನು ಅವಳತ್ತ ನೋಡಿದ. ಅವಳು ಹೂಂ ಎಂದು ಕತ್ತು ಆಡಿಸಿದಳು. ಏಳು ಶುಕ್ರವಾರಗಳು ಒಂದೇ ನಿಮಿಷದಲ್ಲಿ ಹೋದವು. ಆ ಜಾಗದಲ್ಲಿ ಸಂಕಪ್ಪ ಬಂದು ಮಲಗಿದ.

“ಒಬ್ಬ ಮನುಷ್ಯನ ಸಾವಿನ ಗಂಟೆ ತಿದ್ದೋಕೆ ಇವರ್ಯಾರು?” ಎಂದ ಮೂರ್ತಿ. ಹಲ್ಲು ಕಚ್ಚಿದ್ದ, ಕಣ್ಣಲ್ಲಿ ನೀರಿತ್ತು. “ಬಿಡಲ್ಲ ಐಡಾ. ನಾನು ಇದನ್ನ ಬಿಡಲ್ಲ.”

ಐಡಾ ಅವನನ್ನು ಮೊದಲು ಮೆಚ್ಚಿದ್ದು ತಮಾಷೆಗೆ, ಆಮೇಲೆ ಆ ಬಿನ್ನಿನ ಕಳ್ಳತನಕ್ಕೆ. ಇನ್ನು ಇವನನ್ನು ಬಿಟ್ಟು ಬೇರೆಯವರಿಲ್ಲ ಎಂದು ಮನಸ್ಸು ಗಟ್ಟಿ ಮಾಡಿದ್ದು ಆ ಮಂಗಳವಾರ, ಆ ಮಾತಿಗೆ.

ಏರ್‌ಪೋರ್ಟಿನಲ್ಲಿ ಅವನ ಪಕ್ಕದಲ್ಲೇ ಕಂಪನಿಯವನೊಬ್ಬ ಪಾಸ್‌ಪೋರ್ಟ್ ಹಿಡಿದು ನಿಂತಿದ್ದ. ಮಾತಿಗೆ ಸಿಕ್ಕಿದ್ದು ನಾಲ್ಕು ನಿಮಿಷ. ‘ನಾನು ಕರೀತೀನಿ, ಬರ್ತೀಯಾ’ ಎಂದು ಕೇಳುತ್ತಾನೆ ಎಂದುಕೊಂಡಿದ್ದಳು. ಅವನು ಕೇಳಿದ್ದು ಬೇರೆ. “ಸಂಕಪ್ಪನ ಹೆಂಡತಿಗೆ ನಿನ್ನ ನಂಬರ್ ಕೊಟ್ಟಿದೀನಿ. ನನ್ನ ಇಲ್ಲಿನ ನಂಬರ್ ನಾಳೆಯಿಂದ ಇರಲ್ಲ. ನಾನು ಅಲ್ಲಿ ದಾರಿ ಹುಡುಕೋ ತನಕ ಆ ಫೋಲ್ಡರ್ ಜೋಪಾನ, ಯಾರಿಗೂ ಏನೂ ಹೇಳಲ್ಲ ಅಂತ ಮಾತು ಕೊಡು.” ಅವಳು ಮಾತು ಕೊಟ್ಟಳು; ಸಿಟ್ಟೂ ಬಂತು, ಹೆಮ್ಮೆಯೂ ಆಯಿತು. ಗಾಜಿನ ಆಚೆ ಅವನು ಮೂರು ಸಲ ತಿರುಗಿ ನೋಡಿದ.

ಕಂಪ್ಯೂಟರ್ ಚುರುಕಾಗಿತ್ತು. ಪಪ್ಪಾ ಖುಷಿಪಟ್ಟು, “ಕೊನೆಗೂ ಹುಡುಗ ಕೆಲಸ ಮುಗಿಸಿದ” ಎಂದರು. ಐಡಾ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಅತ್ತದ್ದು ಗೊತ್ತಾಗದಿರುವಷ್ಟು ದೊಡ್ಡದಲ್ಲ ಆ ಫ್ಲಾಟು. ಮೂರನೇ ದಿನ ಪಪ್ಪಾ ಚಹಾ ಕುಡಿಯುತ್ತಾ, “ಜಾತಿ ಧರ್ಮದ ಜಗಳ ನಾನು ಆಮೇಲೆ ಮಾಡ್ತೇನೆ. ಮೊದಲು ಅವನು ನನ್ನ ಎದುರು ಬಂದು ಕೂತು ಕೇಳಲಿ. ಫೋನಿನಲ್ಲಿ ಮಗಳನ್ನು ಕೊಡುವುದಿಲ್ಲ” ಎಂದರು. ಮಮ್ಮಿ ಏನೂ ಕೇಳಿಸದವಳಂತೆ ತೊಂಡೆಕಾಯಿ ಹೆಚ್ಚುತ್ತಿದ್ದಳು. ಅವತ್ತು ಶುಕ್ರವಾರವೂ ಅಲ್ಲ.

ಆಗಸ್ಟಿನಲ್ಲಿ ಅವನ ಫೋನುಗಳಲ್ಲಿ ಬೆಂಕಿ ಇತ್ತು. ವಕೀಲರು, ಅರ್ಜಿ, ಎಂಬಸಿ. ಸೆಪ್ಟೆಂಬರಿನಲ್ಲಿ “ನೋಡ್ತಿದೀನಿ”. ಅಕ್ಟೋಬರಿನಲ್ಲಿ ಅವಳಾಗಿ ಕೇಳಿದರೆ ಮಾತ್ರ. ನವೆಂಬರಿನಲ್ಲಿ, “ಬೇರೆ ಏನಾದ್ರೂ ಮಾತಾಡು ಐಡಾ.”

ಬೇರೆ ಮಾತಾಡಲು ಅವಳಿಗೂ ಆಸೆ ಇತ್ತು. ಆದರೆ ಹದಿನೈದು ದಿನಕ್ಕೊಮ್ಮೆ ಅವಳ ಫೋನು ಸುಳ್ಯದ ಕಡೆಯಿಂದ ಬಡಿದುಕೊಳ್ಳುತ್ತಿತ್ತು. ಸಂಕಪ್ಪನ ಹೆಂಡತಿ ತುಳುವಿನಲ್ಲಿ, ಯಾವಾಗಲೂ ಮೊದಲು “ಊಟ ಆಯ್ತಾ ಅಕ್ಕಾ” ಎಂದೇ ಶುರು ಮಾಡುವಳು. ಆಮೇಲೆ ಅದೇ ಪ್ರಶ್ನೆ. “ಅವರು ಕೋಣೆಯಲ್ಲಿ ಮಲಗಿದ್ದಲ್ಲೇ ಹೋದದ್ದು ಹೌದಾ? ಕುಡಿದು ಮಲಗಿದ್ದ ಅಂತ ಇಲ್ಲಿ ಹೇಳ್ತಾರೆ. ಅವರು ಮುಟ್ಟಿದವರಲ್ಲ ಅಕ್ಕಾ. ಮಕ್ಕಳು ಶಾಲೆಯಲ್ಲಿ ಆಡಿಕೊಳ್ತಾರೆ ಅಂತ ಮಗಳು ಹೋಗುದೇ ಇಲ್ಲ ಅಂತ ಕೂತಿದ್ದಾಳೆ. ಮೂರ್ತಿ ಸರ್ ಫೋನು ಎತ್ತುವುದಿಲ್ಲ. ನಿಮಗೇನಾದರೂ ಗೊತ್ತುಂಟಾ?”

ಮೂರ್ತಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಐಡಾ, “ಸ್ವಲ್ಪ ತಾಳಿ” ಎನ್ನುತ್ತಿದ್ದಳು. ಹಾಗೆಂದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಈಗ ಡಿಸೆಂಬರ್. ಪಪ್ಪಾ ಮಮ್ಮಿ ಇಗರ್ಜಿಗೆ ಹೋಗಿದ್ದಾರೆ, ಐಡಾ ಚಹಾ ಹಿಡಿದು ಕಂಪ್ಯೂಟರಿನ ಮುಂದೆ ಕೂತಿದ್ದಾಳೆ. ಬೆಳಗ್ಗೆಯೇ ಮೂರ್ತಿಯ ವಿಡಿಯೋ ಕಾಲ್ ಬಂತು. ಕ್ಷೌರ ಮಾಡಿಕೊಂಡಿದ್ದ. ಐದು ತಿಂಗಳಲ್ಲಿ ಮುಖದ ಬಣ್ಣ ತಿಳಿಯಾಗಿ, ಪಟ್ಟಿಯ ಗೆರೆ ಎಲ್ಲಿತ್ತೆಂಬುದೇ ಗೊತ್ತಾಗುತ್ತಿರಲಿಲ್ಲ.

“ಐಡಾ, ಜನವರಿಯಲ್ಲಿ ಬರ್ತೀನಿ.”

ಅವಳು ಫೋನನ್ನು ಮುಖದ ಹತ್ತಿರ ತಂದಳು. “ಸುಳ್ಳು!”

“ನಿಜ ಕಣೇ. ಅವರೇ ವಾಪಸು ತಗೋತಾರೆ, ಸೋಹಾರ್ ಸೈಟಿಗೆ. ಬಂದ ಮೊದಲ ಶುಕ್ರವಾರ ನಿಮ್ಮಪ್ಪನ ಎದುರು ಕೂತ್ಕೋತೀನಿ.”

“ಅವರೇ ಅಂದರೆ, ಅದೇ ಕಂಪನಿಯಾ?”

“ಒಂದು ಕಾಗದಕ್ಕೆ ಸಹಿ ಹಾಕ್ಬೇಕು. ಅಂಥ ಫೋಟೋ ಯಾವುದೂ ನಾನು ತೆಗೆದಿಲ್ಲ ಅಂತ. ಅದಕ್ಕೆ… ಆ ಫೋಲ್ಡರ್ ಡಿಲೀಟ್ ಆಗ್ಬೇಕು.”

ಚಹಾ ಲೋಟವನ್ನು ಅವಳು ಮೇಜಿನ ಮೇಲಿಟ್ಟಳು.

“ಕಾಪಿ ಇಟ್ಕೊಳ್ಳೋಣ ಅನ್ಬೇಡ” ಎಂದ ಅವಸರದಲ್ಲಿ. “ಸಹಿ ಹಾಕಿದ ಮೇಲೆ ಅದು ಎಲ್ಲಾದ್ರೂ ಹೊರಗೆ ಬಂದ್ರೆ ಜೈಲಿಗೆ ಹೋಗೋನು ನಾನು. ಪೂರ್ತಿ ಹೋಗ್ಬೇಕು.”

“ನಾನೇ ಅಲ್ಲಿಗೆ ಬರ್ತೇನೆ ಸೀನು. ಕೆಲಸ ಬಿಟ್ಟು ಬರ್ತೇನೆ. ಪಪ್ಪನ ಹತ್ರ ನಾನು ಜಗಳ ಮಾಡ್ತೇನೆ. ಮೈಸೂರಲ್ಲಿ ಹಲ್ಲಿನ ಡಾಕ್ಟರು ಇಲ್ವಾ?”

“ಬಂದು? ನಂಗೆ ಕೆಲಸ ಇಲ್ಲ. ಎಕ್ಸ್‌ಪೀರಿಯನ್ಸ್ ಲೆಟರ್ ಕೊಟ್ಟಿಲ್ಲ. ಇಂಟರ್‌ವ್ಯೂನಲ್ಲಿ ಕೇಳ್ತಾರೆ, ಯಾಕೆ ಕಳಿಸಿದ್ರು ಅಂತ. ಏನು ಹೇಳ್ಲಿ?”

“ನಿಜ ಹೇಳು.”

“ನಿಜ ಹೇಳಿದವನನ್ನ ಯಾರು ಸೇಫ್ಟಿ ಆಫೀಸರ್ ಮಾಡ್ಕೋತಾರೆ ಐಡಾ?”

ಅವನು ನಕ್ಕ. ಅವನನ್ನು ಬೈಯಲು ಅವಳಿಗೆ ಬಾಯಿ ಬರಲಿಲ್ಲ. ಬಿಸಿಲಲ್ಲಿ ದುಡಿಸಿ ಒಬ್ಬನನ್ನು ಕೊಂದವರು, ನೆರಳಲ್ಲಿ ಕೂರಿಸಿ ಇನ್ನೊಬ್ಬನನ್ನು ಮುಗಿಸುತ್ತಿದ್ದರು. ಎರಡನೆಯದಕ್ಕೆ ಫೋಟೋ ಇಲ್ಲ.

“ಅವರ ಹೆಂಡತಿ ನಿನಗೆ ಫೋನ್ ಮಾಡ್ತಾರೆ. ಯಾಕೆ ಎತ್ತುವುದಿಲ್ಲ?”

“ಎತ್ತಿ ಏನು ಹೇಳ್ಲಿ?”

“ಒಂದೂ ನಲವತ್ತು ಅಂತ ಹೇಳು. ಅಷ್ಟೇ ಅವರು ಕೇಳುವುದು.”

“ಅವರು ಸತ್ತಾಯ್ತು. ಖಲಾಸ್! ನಾವು ಬದುಕಿದೀವಲ್ಲ. ನಮಗೊಂದು ಮನೆ ಬೇಡ್ವಾ? ನಿನ್ನನ್ನ ದಿನಾ ನೋಡ್ಬೇಕು ಅಂತ ನಂಗಿಲ್ವಾ? ನಿನ್ನ ಬೆರಳು ನೋಡಿ ಐದು ತಿಂಗಳಾಯ್ತು ಕಣೇ. ಕನಸಲ್ಲೂ ನೀನು ಮೌಸ್ ಹಿಡ್ಕೊಂಡೇ ಬರ್ತೀಯ.” ಅವನು ಅಂಗೈಯಿಂದ ಮುಖ ಒರೆಸಿಕೊಂಡ. “ನಿನಗೆ ಕೈ ಬರಲ್ಲ ಅಂತ ಗೊತ್ತು. ನೀನೇನೂ ಮಾಡ್ಬೇಡ. ರಿಮೋಟ್ ಆ್ಯಪ್ ಆವತ್ತೇ ಹಾಕಿದ್ದೆ, ಇಲ್ಲಿಂದ ನಾನೇ ಡಿಲೀಟ್ ಮಾಡ್ತೀನಿ. ಪಾಪ ಬಂದ್ರೆ ನಂಗೆ ಬರಲಿ. ನೀನು ಒಪ್ಪಿಗೆ ಕೊಟ್ರೆ ಸಾಕು.”

ಕಂಪ್ಯೂಟರಿನ ಪರದೆಯ ನಡುವೆ ಒಂದು ಚೌಕ ಮೂಡಿತು. ಮೈಸೂರಿನಿಂದ ಅವನ ಪೂರ್ತಿ ಹೆಸರು, ಉದ್ದಕ್ಕೆ. ಕೆಳಗೆ ಒಪ್ಪಿಗೆಗೊಂದು ಹಸಿರು ಗುಂಡಿ.

ಅವಳ ಕೈ ಮೌಸಿನ ಮೇಲೆ ಹೋಯಿತು. ತನ್ನ ಕೈ ಎಷ್ಟು ಸುಲಭವಾಗಿ ಹೋಯಿತೆಂದು ಅವಳಿಗೇ ಹೆದರಿಕೆಯಾಯಿತು. ಈ ಕುರ್ಚಿಯ ಪಕ್ಕದಲ್ಲಿ ಅವನು, ಜನವರಿಯ ತಂಪು, ಕಿಟಕಿ ತೆರೆದಿಟ್ಟ ಶುಕ್ರವಾರ. ಅವಳು ಬೇಡಿದ್ದು ಅದಕ್ಕಿಂತ ಹೆಚ್ಚಿನದಲ್ಲ. ಹಸಿರು ಗುಂಡಿಯಷ್ಟು ದೂರ.

“ಆ ಫೋಲ್ಡರ್ ಇರೋವರೆಗೆ ನಾವಿಬ್ಬರೂ ಇಲ್ಲ ಐಡಾ. ಯೋಚನೆ ಮಾಡು.”

ಅವಳು ಯೋಚನೆ ಮಾಡಿದ್ದು ಅವನನ್ನೇ. ಜನವರಿಯಲ್ಲಿ ಬರುವವನು ಯಾರು? ಅದೇ ಉದ್ದ, ಅದೇ ನಗು ಇರುತ್ತದೆ. ಒಂದು ಮಧ್ಯಾಹ್ನ ಸೋಹಾರ್‌ನಲ್ಲಿ ಇನ್ನೊಬ್ಬ ಕುಸಿದು ಬಿದ್ದಾಗ, ಕ್ಯಾಮೆರಾ ಜೇಬಿನಿಂದ ತೆಗೆಯದೆ ಆಚೆ ತಿರುಗಿ ನಿಲ್ಲುವ ಒಬ್ಬ. ಅವನಿಗೆ ಅವಳು ಬಡಿಸಬೇಕು, ಅವನ ಶರ್ಟು ಒಗೆಯಬೇಕು, ಅವನ ಪಕ್ಕ ನಿದ್ದೆ ಮಾಡಬೇಕು. ಅವಳು ಕಾದದ್ದು ಆ ಮನುಷ್ಯನಿಗಲ್ಲ. ಕಾದಿದ್ದವನನ್ನು ಉಳಿಸಿಕೊಳ್ಳಲು ಈಗ ಇದ್ದದ್ದು ಒಂದೇ ಜಾಗ, ಆ ಫೋಲ್ಡರ್. ಅದನ್ನೇ ಅವನು ಕೇಳುತ್ತಿದ್ದ.

ಕೆನ್ನೆಯ ಮೇಲಿಂದ ನೀರು ಇಳಿದು ಗಲ್ಲದಲ್ಲಿ ನಿಂತಿತು. ಒರೆಸಿಕೊಳ್ಳಲಿಲ್ಲ. ಅವನು ನೋಡಲಿ ಎಂದೇ ಬಿಟ್ಟಳು.

“ನಿನ್ನ ಮೇಲಿನ ಪ್ರೀತಿ ಕಡಿಮೆ ಆಗ್ಲಿಲ್ಲ, ಸೀನು” ಎಂದಳು. “ಹಾಗೆ ಆಗಿದ್ದರೆ ಎಷ್ಟೋ ಸುಲಭ ಆಗ್ತಿತ್ತು.”

“ಹಾಗಾದ್ರೆ ಒತ್ತು.”

“ಇವತ್ತು ನಾನು ಸುಳ್ಯಕ್ಕೆ ಫೋನ್ ಮಾಡ್ತೇನೆ. ಎಷ್ಟು ಗಂಟೆಗೆ ಅಂತ ಹೇಳ್ತೇನೆ. ಅವರ ಕಡೆಯವರು ಯಾರು ಬಂದರೂ ಫೈಲ್ ಇದ್ದ ಹಾಗೆಯೇ ಕೊಡ್ತೇನೆ. ನೀನು ಸಹಿ ಹಾಕ್ಬೇಡ.”

“ಐಡಾ, ನಾನು ಬರೋದೇ ಇಲ್ಲ ಆಮೇಲೆ. ಅರ್ಥ ಆಗ್ತಿದೆಯಾ ನಿಂಗೆ? ಬರೋದೇ ಇಲ್ಲ.”

“ಆಗ್ತಾ ಉಂಟು.”

ಹೊರಗೆ ಲಿಫ್ಟಿನ ಬಾಗಿಲು ತೆರೆದ ಸದ್ದು. ಮಮ್ಮಿಯ ಚಪ್ಪಲಿ. ಪರದೆಯ ಚೌಕ ಇನ್ನೂ ಕಾಯುತ್ತಿತ್ತು. ಫೋನಿನಲ್ಲಿ ಅವನು ಮುಖವನ್ನು ಹತ್ತಿರ ತಂದಿದ್ದ. ಕಣ್ಣು ಕೆಂಪು, ತುಟಿ ಒಣಗಿತ್ತು. ಅವಳ ಜೀವಮಾನದಲ್ಲಿ ಅಷ್ಟು ಪ್ರೀತಿಯಿಂದ ಯಾರೂ ಅವಳನ್ನು ಬೇಡಿಕೊಂಡಿರಲಿಲ್ಲ.

“ಒಪ್ಪಿಗೆ ಕೊಡು ಐಡಾ. ಒಂದೇ ಒಂದು ಸಲ ನಾನು ಹೇಳಿದ್ದು ಕೇಳು.”

“ಕೊಡುವುದಿಲ್ಲ” ಎಂದಳು ಐಡಾ.